ತೊಗಟೆಯ ಹಿಡಿ ಮತ್ತು ಮೇದರ ಕತ್ತಿ



ಬಸವೇಶ್ವರನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಗಾಳದ ಕೋಲುಗಳನ್ನು ಸ್ವಂತ ಕೈಯಿಂದ ತಯಾರಿಸುವ ಹವ್ಯಾಸ. ಅವನು ಕಳೆದ ತಿಂಗಳು ನನಗೊಂದು ಪತ್ರ ಬರೆದು ಕೇಳಿದ್ದು ಇಷ್ಟು: "ಸರ್, ಹೊರದೇಶದ ಕುಶಲಕರ್ಮಿಗಳು ಗಾಳದ ಕೋಲಿನ ಹಿಡಿಗೆ ಭೂರ್ಜವೃಕ್ಷದ ತೊಗಟೆಯನ್ನು ಬಳಸುತ್ತಾರೆ. ನಮ್ಮಲ್ಲಿ ಅದನ್ನು ಎಲ್ಲಿಂದ ತರಿಸಬಹುದು? ಸಿಗದಿದ್ದರೆ ನಮ್ಮ ರಸ್ತೆಯ ಮರಗಳಲ್ಲಿ ಯಾವುದರ ತೊಗಟೆ ಆದೀತು?" ಅವನಿಗೆ ಕೊಡಬೇಕಾದ ಉತ್ತರವನ್ನು ಕೊಟ್ಟಾಗಿದೆ. ಆದರೆ ಈ ಪ್ರಶ್ನೆ ಅವನೊಬ್ಬನದಲ್ಲ. 'ಕೈಯಿಂದ ಮಾಡಿದ್ದು', 'ಪ್ರಕೃತಿಯಿಂದ ಬಂದದ್ದು' ಎಂಬ ಎರಡು ಮಾತುಗಳನ್ನು ಮಂತ್ರದಂತೆ ಜಪಿಸುವ ವಿದ್ಯಾವಂತರೆಲ್ಲರ ಪ್ರಶ್ನೆ ಇದು. ಆದ್ದರಿಂದ ನನ್ನ ವಾದವನ್ನು ಎಲ್ಲರ ಮುಂದೆಯೇ ಮಂಡಿಸುತ್ತೇನೆ.

ನನ್ನ ವಾದ ಸರಳವಾದುದು. ಒಂದು ವಸ್ತುವನ್ನು ಕೈಯಿಂದ ಮಾಡಿದ ಮಾತ್ರಕ್ಕೆ ಅದು ನಿರ್ದೋಷವಾಗುವುದಿಲ್ಲ. ಆ ಪದಾರ್ಥವನ್ನು ಯಾರು, ಎಲ್ಲಿ, ಯಾವ ಕಾಲದಲ್ಲಿ, ಹೇಗೆ ಕೊಯ್ದರು ಎಂಬುದನ್ನು ತಿಳಿಯದವನ ಕೈಕೆಲಸವು ಕಾರ್ಖಾನೆಯ ಕೆಲಸಕ್ಕಿಂತ ಶ್ರೇಷ್ಠವೆಂದು ನಾನು ಒಪ್ಪುವುದಿಲ್ಲ. ಅದಕ್ಕೂ ಮಿಗಿಲಾಗಿ, ಗಾಳದ ಕೋಲಿಗೆ ಜಗತ್ತೇ ಮೆಚ್ಚಿದ ಪದಾರ್ಥವು ನಮ್ಮ ಕಾಡಿನಲ್ಲಿಯೇ ಇರುವಾಗ, ಅದನ್ನು ಕೊಯ್ಯಬಲ್ಲ ಜನ ನಮ್ಮ ನಡುವೆಯೇ ಇರುವಾಗ, ಪರ್ವತದ ಆಚೆಗಿನ ತೊಗಟೆಗೆ ಕೈಚಾಚುವುದು ಅವಿವೇಕ ಮಾತ್ರವಲ್ಲ, ಅನ್ಯಾಯವೂ ಹೌದು.

ಮೊದಲು ತೊಗಟೆಯ ವಿಚಾರ. ಉತ್ತರ ಯೂರೋಪಿನ ಹಳ್ಳಿಗರು ಭೂರ್ಜದ ತೊಗಟೆಯಿಂದ ಬುಟ್ಟಿ, ಪೆಟ್ಟಿಗೆ, ಚಾಕುವಿನ ಹಿಡಿ, ಪಾದರಕ್ಷೆಗಳನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರು. ಅವರ ವಿಧಾನದಲ್ಲಿ ಶಿಸ್ತು ಇದೆ. ಬೇಸಿಗೆಯ ಆರಂಭದಲ್ಲಿ, ಅಂದರೆ ಅಲ್ಲಿನ ಜೂನ್-ಜುಲೈ ತಿಂಗಳುಗಳಲ್ಲಿ, ಮರದೊಳಗೆ ರಸ ಏರುತ್ತಿರುವಾಗ ಹೊರತೊಗಟೆ ತಾನಾಗಿ ಸಡಿಲಗೊಳ್ಳುತ್ತದೆ. ಆಗ ಚಾಕುವಿನ ಮೊನೆಯಿಂದ ಹೊರಪದರವನ್ನಷ್ಟೇ ಗೀರಿ ಬಿಡಿಸುತ್ತಾರೆ. ಬಲ್ಲವರು ಕಡಿಯಲೆಂದೇ ಗುರುತಿಸಿದ ಮರದಿಂದ, ಇಲ್ಲವೇ ಆಗತಾನೆ ಕಡಿದುರುಳಿಸಿದ ಮರದಿಂದ ಅದನ್ನು ತೆಗೆಯುತ್ತಾರೆ. ಹಾಳೆಗಳನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ನಡುವೆ ತೂತು ಮಾಡಿ, ಕಂಬಿಗೆ ಒಂದರ ಮೇಲೊಂದು ಪೋಣಿಸಿ, ಅಂಟು ಹಾಕಿ ಬಿಗಿಯಾಗಿ ಒತ್ತಿ ಒಣಗಿಸಿ, ಕೊನೆಗೆ ಅರದಿಂದಲೂ ಉಪ್ಪುಕಾಗದದಿಂದಲೂ ತಿದ್ದಿದರೆ ಹಿಡಿ ಸಿದ್ಧ. ಅದು ನೀರನ್ನು ಹೀರುವುದಿಲ್ಲ. ಚಳಿಯಲ್ಲಿಯೂ ಕೈಗೆ ಬೆಚ್ಚಗಿರುತ್ತದೆ. ಅಲ್ಲಿನ ಮಂಜುಗಡ್ಡೆಯ ಹೊಳೆಗಳಿಗೆ ಅದು ಯೋಗ್ಯವೇ. ಭೂರ್ಜವು ಅಲ್ಲಿ ಊರಬೇಲಿಯ ಮರ, ಸೌದೆಯ ಮರ. ನಮ್ಮಲ್ಲಿ ಹೊಂಗೆ ಹೇಗೋ ಹಾಗೆ. ಅವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ.

ನಮ್ಮ ದೇಶದ ಭೂರ್ಜದ ಕಥೆ ಬೇರೆ. ಹಿಮಾಲಯದ ಭೂರ್ಜ, ಸಸ್ಯಶಾಸ್ತ್ರಜ್ಞರು ಬೆಟುಲಾ ಯುಟಿಲಿಸ್ ಎಂದು ಕರೆಯುವ ಮರ, ಮೂರು ಸಾವಿರ ಮೀಟರಿಗೂ ಮೇಲೆ, ಇನ್ನು ಮುಂದೆ ಮರವೇ ಬೆಳೆಯದು ಎಂಬ ಗಡಿಯಲ್ಲಿ ನಿಂತಿರುವಂಥದು. ವರ್ಷದಲ್ಲಿ ಕೆಲವೇ ತಿಂಗಳು ಬೆಳೆದು ಉಳಿದ ಕಾಲ ಹಿಮದಡಿ ಬಾಗಿ ನಿಲ್ಲುವ ಮರ ಅದು. ಗಂಗೋತ್ರಿಯಿಂದ ಗೋಮುಖಕ್ಕೆ ಹೋಗುವ ದಾರಿಯಲ್ಲಿ ಭೋಜಬಾಸಾ ಎಂಬ ಸ್ಥಳವಿದೆ. ಭೂರ್ಜಗಳ ನೆಲೆ ಎಂದು ಆ ಹೆಸರಿನ ಅರ್ಥ. ಯಾತ್ರಿಕರ ಒಲೆಗಳಿಗೆ ಸೌದೆಯಾಗಿ ಹೋಗಿ ಅಲ್ಲಿ ಉಳಿದದ್ದು ಹೆಚ್ಚಾಗಿ ಹೆಸರು ಮಾತ್ರ. ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಅವರು 1990ರ ದಶಕದಲ್ಲಿ ಅಲ್ಲಿ ಸಸಿಗಳನ್ನು ಬೆಳೆಸಿ ನೆಡುವ ಕಾರ್ಯಕ್ಕೆ ಇಳಿಯಬೇಕಾಯಿತು. ಒಬ್ಬ ಹೆಣ್ಣುಮಗಳು ಅಂಥ ಚಳಿಯಲ್ಲಿ ಒಂದೊಂದೇ ಸಸಿ ನೆಟ್ಟು ಮರಳಿ ತರಲು ಹೆಣಗಿದ ಮರದ ಚರ್ಮವನ್ನು ನಾವು ಮೀನು ಹಿಡಿಯುವ ಕೋಲಿನ ಅಲಂಕಾರಕ್ಕೆ ಬಳಸುವುದೇ?

"ನಮ್ಮ ಪೂರ್ವಿಕರು ಭೂರ್ಜಪತ್ರದ ಮೇಲೆ ಗ್ರಂಥಗಳನ್ನೇ ಬರೆದಿಲ್ಲವೇ?" ಎಂದು ಕೆಲವರು ವಾದಿಸುವುದುಂಟು. ಬರೆದಿದ್ದಾರೆ, ನಿಜ. 1881ರಲ್ಲಿ ದೊರೆತ ಬಖ್ಶಾಲಿ ಗಣಿತಗ್ರಂಥ, 1931ರಲ್ಲಿ ದೊರೆತ ಗಿಲ್ಗಿಟ್ ಹಸ್ತಪ್ರತಿಗಳು ಭೂರ್ಜಪತ್ರದವೇ. ಆದರೆ ಅವೆಲ್ಲ ಎಲ್ಲಿಯವು? ಭೂರ್ಜ ಬೆಳೆಯುವ ಉತ್ತರದ ಬೆಟ್ಟಸೀಮೆಯವು, ಅದರ ನೆರೆಹೊರೆಯವು. ಕನ್ನಡನಾಡಿನ ಕವಿಗಳು, ಲಿಪಿಕಾರರು ಭೂರ್ಜ ಬೇಕೆಂದು ಹಟ ಹಿಡಿದು ಕೂರಲಿಲ್ಲ. ತಮ್ಮ ನೆಲದ ತಾಳೆಗರಿಯನ್ನು ಕೊಯ್ದು, ಬೇಯಿಸಿ, ಒಣಗಿಸಿ, ಕಂಟದಿಂದ ಕೊರೆದು ಬರೆದರು. 'ಓಲೆ' ಎಂಬ ನಮ್ಮ ಮಾತಿನಲ್ಲಿಯೇ ಗರಿಯೂ ಇದೆ, ಕಾಗದವೂ ಇದೆ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ ನಮಗೆ ಉಳಿದು ಬಂದದ್ದು ತಾಳೆಗರಿಯ ಮೇಲೆಯೇ. ಪೂರ್ವಿಕರಿಂದ ಕಲಿಯಬೇಕಾದದ್ದು ಭೂರ್ಜದ ಮೋಹವನ್ನಲ್ಲ. ತನ್ನ ನೆಲದಲ್ಲಿ ಏನಿದೆಯೋ ಅದರಿಂದ ಕೆಲಸ ಸಾಧಿಸುವ ಬುದ್ಧಿಯನ್ನು.

ಇನ್ನು "ರಸ್ತೆಯ ಮರದ ತೊಗಟೆ ಆದೀತೇ" ಎಂಬ ಮಾತು. ಎಂಟನೆಯ ತರಗತಿಯಲ್ಲಿ ನಾನು ನಿಮ್ಮೆಲ್ಲರಿಂದಲೂ ಕಾಂಡದ ಅಡ್ಡಸೀಳಿಕೆಯ ಚಿತ್ರವನ್ನು ಬರೆಸಿದ್ದೇನೆ. ಒಳಗಿನ ಕಟ್ಟಿಗೆಯ ಮೂಲಕ ನೀರು ಮೇಲಕ್ಕೇರುತ್ತದೆ. ತೊಗಟೆಯ ಒಳಮೈಯಲ್ಲಿರುವ ಆಹಾರವಾಹಕಗಳ ಮೂಲಕ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುತ್ತದೆ. ಮರದ ಸುತ್ತ ಒಂದು ಗೇಣಿನಷ್ಟು ತೊಗಟೆಯನ್ನು ಬಳೆಯಂತೆ ಸುಲಿದರೆ ಬೇರು ಹಸಿದು ಸಾಯುತ್ತದೆ, ಬೇರಿನ ಹಿಂದೆ ಮರವೂ ಸಾಯುತ್ತದೆ. ಈ ಪಾಠವನ್ನು ನೀವು ಮರೆತಿದ್ದರೂ ನಗರದ ಕೆಲವು ವ್ಯಾಪಾರಿಗಳು ಮರೆತಿಲ್ಲ. ಅಂಗಡಿಯ ಫಲಕಕ್ಕೆ ಅಡ್ಡವಾದ ಮರವನ್ನು ಕಡಿಯಲು ಅನುಮತಿ ಬೇಕು. ಬುಡದ ತೊಗಟೆ ಸುಲಿದುಬಿಟ್ಟರೆ ಅದು ತಾನಾಗಿ ಒಣಗಿತೆಂದು ಹೇಳಬಹುದಲ್ಲ! ಭೂರ್ಜದಂತೆ ಕಾಗದದಷ್ಟು ತೆಳುವಾಗಿ ಬಿಡಿಸಿಕೊಳ್ಳುವ ಹೊರಪದರ ನಮ್ಮ ಹೊಂಗೆಗೂ ಇಲ್ಲ, ಮಳೆಮರಕ್ಕೂ ಇಲ್ಲ. ಅವುಗಳಿಂದ ಹಾಳೆ ತೆಗೆಯ ಹೋದವನು ಜೀವಪದರಕ್ಕೇ ಕತ್ತಿ ಹಾಕುತ್ತಾನೆ. ಔಷಧಕ್ಕೆಂದು ತೊಗಟೆ ಸುಲಿಸಿಕೊಂಡೇ ನಮ್ಮ ಕಾಡಿನ ನಿಜವಾದ ಅಶೋಕವೃಕ್ಷ ಅಪಾಯದ ಅಂಚಿಗೆ ಬಂದಿದೆ ಎಂಬುದನ್ನೂ ನೆನಪಿಡಿ.

ಎಲ್ಲ ತೊಗಟೆಯ ಕೊಯ್ಲೂ ಪಾಪವೆಂದು ನಾನು ಹೇಳುತ್ತಿಲ್ಲ. ಗಾಳದ ಕೋಲುಗಳ ಹಿಡಿಗೆ ಸಾಮಾನ್ಯವಾಗಿ ಬಳಸುವ ಕಾರ್ಕ್ ಕೂಡ ತೊಗಟೆಯೇ. ಪೋರ್ಚುಗಲ್ ದೇಶದಲ್ಲಿ ಕಾರ್ಕ್ ಓಕ್ ಮರಕ್ಕೆ ಸುಮಾರು 25 ವರ್ಷ ತುಂಬುವವರೆಗೆ ಕೈ ಹಾಕುವುದಿಲ್ಲ. ಒಮ್ಮೆ ಸುಲಿದ ಮೇಲೆ ಒಂಬತ್ತು ವರ್ಷ ಕಾಯುತ್ತಾರೆ. ಮರ ಬದುಕಿಯೇ ಇರುತ್ತದೆ, ತೊಗಟೆ ಮತ್ತೆ ಬರುತ್ತದೆ. ಅಲ್ಲಿ ಕೊಯ್ಯುವವನಿಗೆ ಮರದ ವಯಸ್ಸು ಗೊತ್ತು, ಹಿಂದಿನ ಕೊಯ್ಲಿನ ವರ್ಷ ಗೊತ್ತು, ನಿಯಮವೂ ಇದೆ. ಹಿಮಾಲಯದ್ದೆಂದು ಪೊಟ್ಟಣ ಕಟ್ಟಿ ಮಾರುವ ತೊಗಟೆಯ ವಿಷಯದಲ್ಲಿ ನಿಮಗೆ ಇವುಗಳಲ್ಲಿ ಯಾವುದು ಗೊತ್ತು? ಪ್ರಶ್ನೆ ಇರುವುದು ಅಲ್ಲಿಯೇ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ' ಎಂಬ ಪ್ರಕರಣವೇ ಇದೆ. ಮೀನುಗಳ ಬಗೆಗಳು, ಅವುಗಳಿಗೆ ಹಾಕುವ ಆಹಾರ, ಗಾಳದಿಂದ ಹಿಡಿಯುವ ಕ್ರಮ, ಎಲ್ಲವೂ ಅಲ್ಲಿವೆ. ಅಂದರೆ ಗಾಳ ಹಾಕುವುದನ್ನು ವಿದ್ಯೆಯೆಂದು ಬಗೆದು ಬರೆದಿಟ್ಟ ನಾಡು ಇದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಭಾರತದಲ್ಲಿ ಗಾಳದ ಬೇಟೆಯನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು 1873ರಲ್ಲಿ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡ್ ತೂಕದ ಮಹಶೀರ್ ಮೀನನ್ನು ಗಾಳದಿಂದ ಹಿಡಿದದ್ದು ಇಂದಿಗೂ ಮಾತಾಗಿ ಉಳಿದಿದೆ. ಕಾವೇರಿಯ ಮಹಶೀರಿಗೆ ಮೆಚ್ಚಿನ ಎರೆ ಯಾವುದು ಗೊತ್ತೇ? ನಮ್ಮ ರಾಗಿಹಿಟ್ಟಿನ ಉಂಡೆ! ಎರೆ ನಮ್ಮ ಹೊಲದ್ದಾಗಬಹುದಾದರೆ ಹಿಡಿ ಮಾತ್ರ ಬೇರೆ ಸೀಮೆಯದೇ ಏಕಾಗಬೇಕು?

ಕೋಲಿನ ವಿಷಯದಲ್ಲಂತೂ ನಾವು ಯಾರ ಮುಂದೆಯೂ ಕೈ ಒಡ್ಡಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ನಿಪುಣರು ಬಿದಿರನ್ನು ಸೀಳಿ, ಆರು ಪಟ್ಟಿಗಳನ್ನು ಜೋಡಿಸಿ ಅಂಟಿಸಿ ಗಾಳದ ಕೋಲು ಮಾಡುತ್ತಿದ್ದರು. ಅವರು 'ಕಲ್ಕತ್ತಾ ಬಿದಿರು' ಎಂದು ಕರೆಯುತ್ತಿದ್ದದ್ದು ಬಹುಮಟ್ಟಿಗೆ ನಾವು ಕಿರಿಬಿದಿರು, ಗಂಡುಬಿದಿರು ಎನ್ನುವ ಜಾತಿಯನ್ನೇ. ಒಳಟೊಳ್ಳು ಕಡಿಮೆ, ಗೋಡೆ ದಪ್ಪ, ನಾರು ಬಿಗಿ. ಪೊಲೀಸರ ಲಾಠಿಗೂ ಅದೇ. ಇಪ್ಪತ್ತನೆಯ ಶತಮಾನದಲ್ಲಿ ಚೀನಾದ ಗ್ವಾಂಗ್‌ಡಾಂಗ್ ಸೀಮೆಯ ಟಾಂಕಿನ್ ಬಿದಿರು ಆ ಸ್ಥಾನವನ್ನು ಆಕ್ರಮಿಸಿತು. ಆದರೆ ನಮ್ಮ ಬಿದಿರಿನ ಗುಣವೇನೂ ಕೆಟ್ಟುಹೋಗಲಿಲ್ಲ. ಕೆಟ್ಟದ್ದು ಅದನ್ನು ಬಲ್ಲವರ ಬದುಕು.

ಯಾರು ಬಲ್ಲವರು? ಮೇದರು. ತೊಟ್ಟಿಲಿನಿಂದ ಚಟ್ಟದವರೆಗೆ ನಮ್ಮ ಬಾಳನ್ನು ಹೆಣೆದುಕೊಟ್ಟವರು. ಗೌರಿಹಬ್ಬದ ಬಾಗಿನದ ಮೊರ, ಮದುವೆಯ ಬುಟ್ಟಿ, ಕಣದ ಕುಕ್ಕೆ, ಮೀನು ಹಿಡಿಯುವ ಕೂಳಿ, ಎಲ್ಲವೂ ಅವರ ಕೈಯವೇ. ಬಿದಿರನ್ನು ಕೊಯ್ಯುವುದೂ ಒಂದು ಶಾಸ್ತ್ರ. ಎಳೆಯ ಬಿದಿರು ಒಣಗಿದಾಗ ಸುಕ್ಕಾಗುತ್ತದೆ. ಮೂರು ವರ್ಷ ಬಲಿತ ಗಳವನ್ನೇ ಆರಿಸಬೇಕು. ಕಳಲೆ ಏಳುವ ಮಳೆಗಾಲದಲ್ಲಿ ಮೆಳೆಗೆ ಕತ್ತಿ ತಾಗಿಸಬಾರದು. ನೆಲದಿಂದ ಮೇಲಿನ ಗಿಣ್ಣಿನ ನೆತ್ತಿಗೆ ಸರಿಯಾಗಿ ಕತ್ತರಿಸಬೇಕು. ಇಲ್ಲದಿದ್ದರೆ ಉಳಿದ ಮೋಟಿನಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಕೊಯ್ದ ಬಿದಿರನ್ನು ಹರಿಯುವ ನೀರಿನಲ್ಲಿ ಕೆಲಕಾಲ ಮುಳುಗಿಸಿಟ್ಟರೆ ಹಿಟ್ಟಿನಂಶ ಕರಗಿ ಹೋಗಿ ಹುಳು ಕೊರೆಯುವುದು ಕಡಿಮೆಯಾಗುತ್ತದೆ. ಹೀಗೆ ಕೊಯ್ದರೆ ಮೆಳೆ ಸಾಯುವುದಿಲ್ಲ. ಮರುವರ್ಷ ಮತ್ತೆ ಕಳಲೆ ಕೊಡುತ್ತದೆ. ಬಿದಿರು ಹುಲ್ಲಿನ ಜಾತಿ. ತೊಗಟೆ ಸುಲಿಯುವುದಕ್ಕೂ ಬಿದಿರು ಕೊಯ್ಯುವುದಕ್ಕೂ ಇರುವ ವ್ಯತ್ಯಾಸವೆಂದರೆ ಹಸುವಿನ ಚರ್ಮ ಸುಲಿಯುವುದಕ್ಕೂ ಹಾಲು ಕರೆಯುವುದಕ್ಕೂ ಇರುವ ವ್ಯತ್ಯಾಸ.

ಈ ಬಲ್ಲವರನ್ನು ನಾವು ಹೇಗೆ ನಡೆಸಿಕೊಂಡೆವು? ದಾಂಡೇಲಿಯಲ್ಲಿ 1950ರ ದಶಕದ ಕೊನೆಗೆ ಕಾಗದದ ಗಿರಣಿ ಆರಂಭವಾದಾಗ ಸರಕಾರವು ಅದಕ್ಕೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲು ಒಪ್ಪಿತ್ತು. ಬುಟ್ಟಿ ಹೆಣೆಯುವವನು ಪೇಟೆಯಲ್ಲಿ ಕೊಳ್ಳಬೇಕಾದ ಬೆಲೆ ಅದರ ನೂರಾರು ಪಟ್ಟು. ಬಿದಿರು ಬರಿದಾಗುತ್ತಿದೆಯೆಂದು ಹೆಣೆಯುವವರೇ ಮೊರೆಯಿಟ್ಟ ಮೇಲೆ 1970ರ ದಶಕದಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳರು ಅಧ್ಯಯನಕ್ಕೆ ತೊಡಗಿದರು. ಅಲ್ಲಿ ಬೆಳಕಿಗೆ ಬಂದ ಸಂಗತಿಯೊಂದನ್ನು ನೀವು ಗಮನಿಸಬೇಕು. ಮೆಳೆಯ ಬುಡದ ಮುಳ್ಳನ್ನು ಸವರಿ ಸ್ವಚ್ಛಗೊಳಿಸಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಇಲಾಖೆಯ ಪಂಡಿತರು ನಂಬಿದ್ದರು. ಹಾಗೆ ಮಾಡಬೇಡಿ, ಮುಳ್ಳೇ ಕಳಲೆಗೆ ಕಾವಲು, ಅದನ್ನು ತೆಗೆದರೆ ದನವೂ ಮುಸುವವೂ ಮುಳ್ಳುಹಂದಿಯೂ ಕಳಲೆಯನ್ನು ತಿಂದುಹಾಕುತ್ತವೆ ಎಂದು ಹಳ್ಳಿಯವರು ಹೇಳುತ್ತಿದ್ದರು. ಪರೀಕ್ಷಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಪುಸ್ತಕ ಓದಿದವರು ತಪ್ಪಿದರು, ಕತ್ತಿ ಹಿಡಿದವರು ಗೆದ್ದರು. ಪುಸ್ತಕವನ್ನೇ ನಂಬಿ ಬದುಕಿದ ಮೇಷ್ಟ್ರಾದ ನಾನು ಇದನ್ನು ಸಂತೋಷದಿಂದಲೇ ಹೇಳುತ್ತೇನೆ.

ಕಾನೂನಿನ ವಿಚಿತ್ರವನ್ನೂ ನೋಡಿ. ಬ್ರಿಟಿಷರ ಕಾಲದ 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಬಿದಿರು 'ಮರ'ವೆಂದು ಪರಿಗಣಿತವಾಗಿತ್ತು. ಸಸ್ಯಶಾಸ್ತ್ರದ ಮೊದಲ ಪಾಠ ಓದಿದ ಮಗುವೂ ನಗುವಂಥ ಮಾತು. 2006ರ ಅರಣ್ಯಹಕ್ಕು ಕಾಯ್ದೆಯು ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಹೇಳಿತು. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ-ಲೇಖಾ ಗ್ರಾಮಸಭೆಗೆ ತನ್ನ ಬಿದಿರನ್ನು ತಾನೇ ಸಾಗಿಸಿ ಮಾರುವ ಅಧಿಕಾರಪತ್ರ ಸಿಕ್ಕಿದ್ದು 2011ರಲ್ಲಿ. ಕೊನೆಗೆ 2017ರ ತಿದ್ದುಪಡಿಯು ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಆ ಕೇಂದ್ರ ಕಾಯ್ದೆಯ ಮರದ ವ್ಯಾಖ್ಯೆಯಿಂದ ಬಿಡಿಸಿತು. ಒಂದು ಹುಲ್ಲನ್ನು ಹುಲ್ಲೆಂದು ಒಪ್ಪಲು ನಮ್ಮ ದೇಶಕ್ಕೆ ತೊಂಬತ್ತು ವರ್ಷ ಹಿಡಿಯಿತು! ಆದರೂ ಪೇಟೆಯ ಬೀದಿಯಂಚಿನಲ್ಲಿ ಕುಳಿತು ಹೆಣೆಯುವ ಮೇದರವನಿಗೆ ಇದರಿಂದ ದಕ್ಕಿದ್ದೇನು? ಅವನು ಕಾಡಿನಲ್ಲಿ ವಾಸಿಸುವವನಲ್ಲ, ಆದ್ದರಿಂದ ಕಾಡಿನ ಹಕ್ಕು ಅವನದಲ್ಲ; ಜಮೀನುಳ್ಳವನಲ್ಲ, ಆದ್ದರಿಂದ ಬೆಳೆಯುವ ಸ್ವಾತಂತ್ರ್ಯವೂ ಅವನಿಗೆ ಬರಿಯ ಮಾತು. ಅವನ ಸಮುದಾಯದ ಹೆಸರು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದೆ, ಅವನ ಕತ್ತಿಗೆ ಬೇಕಾದ ಬಿದಿರು ಮಾತ್ರ ಯಾವ ಪಟ್ಟಿಯಲ್ಲಿಯೂ ಇಲ್ಲ.

ಬಸವೇಶ್ವರನಗರದಲ್ಲಿ ಮನೆ ಕಟ್ಟಿಕೊಂಡವರಿಗೆ ಒಂದು ಮಾತನ್ನು ನೆನಪಿಸಬೇಕಾಗಿದೆ. ಸೋಮೇಶ್ವರನು ಮತ್ಸ್ಯವಿನೋದವನ್ನು ಬರೆದ ಅದೇ ಕಲ್ಯಾಣದಲ್ಲಿ, ಮುಂದಿನ ತಲೆಮಾರಿನಲ್ಲಿ, ಮೇದರ ಕೇತಯ್ಯ ಎಂಬ ಶರಣನಿದ್ದ. ಬಿದಿರು ಕಡಿದು, ಬುಟ್ಟಿ ಮೊರ ಹೆಣೆದು ಮಾರಿ, ಬಂದದ್ದರಲ್ಲಿ ದಾಸೋಹ ನಡೆಸಿದವನು. ಅವನನ್ನು ಪರೀಕ್ಷಿಸಲು ಬಿದಿರಿನೊಳಗೆ ಹೊನ್ನು ಕಾಣಿಸಿಕೊಂಡಾಗ ಅವನು ಅದನ್ನು ಮುಟ್ಟದೆ ಮುಂದೆ ನಡೆದನೆಂದೂ, ಬಿದಿರಿನ ಮೊನೆಯೇ ಎದೆಗೆ ನೆಟ್ಟು ಪ್ರಾಣಬಿಟ್ಟನೆಂದೂ, ಆ ಸುದ್ದಿ ಕೇಳಿ ಬಸವಣ್ಣನವರೇ ತಲ್ಲಣಿಸಿಹೋದರೆಂದೂ ಕಥೆ ಹೇಳುತ್ತದೆ. ರಾಜನ ವಿನೋದ, ಮೇದನ ಕಾಯಕ, ಎರಡೂ ಒಂದೇ ಊರಿನವು. ರಾಜನ ಕೋಲನ್ನು ಕಡಿದವರಾರೆಂದು ಮಾತ್ರ ಯಾರೂ ಬರೆದಿಡಲಿಲ್ಲ. ನಮ್ಮ ಹವ್ಯಾಸಿಗಳೂ ಇಂದು ಅದನ್ನೇ ಮಾಡುತ್ತಿದ್ದಾರೆ. ಕೋಲಿನ ಮೇಲೆ ತಮ್ಮ ಹೆಸರನ್ನು ಬಂಗಾರದ ಅಕ್ಷರದಲ್ಲಿ ಬರೆಯುತ್ತಾರೆ. ಬಿದಿರು ಕಡಿದವನ ಹೆಸರನ್ನು ಕೇಳುವುದೂ ಇಲ್ಲ. ಬಸವಣ್ಣನವರ ಹೆಸರಿನ ಬಡಾವಣೆಯಲ್ಲಿದ್ದುಕೊಂಡು ಕಾಯಕವನ್ನು ಹೀಗೆ ಮರೆಯುವುದು ಒಪ್ಪುವ ಮಾತಲ್ಲ.

"ಒಂದು ಅಂಗೈಯಗಲದ ತೊಗಟೆಯಿಂದ ಹಿಮಾಲಯ ಮುಳುಗಿಹೋಗುತ್ತದೆಯೇ ಸರ್?" ಎಂದು ಕೇಳುವವರಿಗೆ ಉತ್ತರಿಸುತ್ತೇನೆ. ನಮ್ಮ ವೃಷಭಾವತಿಯನ್ನು ನೋಡಿ. ಮಲ್ಲೇಶ್ವರ, ರಾಜಾಜಿನಗರಗಳ ಕಡೆಯ ನೀರನ್ನೂ ಕೂಡಿಸಿಕೊಂಡು ಮೈಸೂರು ರಸ್ತೆಯ ಪಕ್ಕದಲ್ಲಿ ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಸೇರುವ ಹೊಳೆ ಅದು. ಅದನ್ನು ಕೊಳಚೆಯ ಕಾಲುವೆಯಾಗಿಸಿದವರು ಯಾರೋ ಒಬ್ಬ ರಾಕ್ಷಸರಲ್ಲ. ನನ್ನೊಬ್ಬನಿಂದ ಏನಾಗುತ್ತದೆ ಎಂದ ಲಕ್ಷಾಂತರ ಸಭ್ಯರು. ಆ ಕಾವೇರಿಯ ಡುಬ್ಬದ ಮಹಶೀರು 2018ರಲ್ಲಿ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಮೀನಿಲ್ಲದ ಹೊಳೆಗೆ ಎಂಥ ಸುಂದರ ಹಿಡಿಯ ಕೋಲನ್ನು ಹಿಡಿದು ಹೋದರೇನು?

ಆದ್ದರಿಂದ ನನ್ನ ಮಾತು ಇಷ್ಟು. ಕೋಲು ಮಾಡುವ ಹವ್ಯಾಸವಿರುವವರು ಮೇದರ ಮನೆಗೆ ಹೋಗಿ. ಬಲಿತ ಕಿರಿಬಿದಿರನ್ನು ಆರಿಸಿಕೊಡಲು ಕೇಳಿ. ಚೌಕಾಸಿ ಮಾಡದೆ ಬೆಲೆ ಕೊಡಿ. ಹಿಡಿಗೆ ಬೆತ್ತ ಸುತ್ತಬಹುದು, ತೆಂಗಿನ ನಾರಿನ ಸಣ್ಣ ಹುರಿ ಸುತ್ತಬಹುದು, ಬಿದಿರಿನ ಬುಡದ ಗಿಣ್ಣನ್ನೇ ಹಿಡಿಯಾಗಿ ಕೆತ್ತಬಹುದು. ಒದ್ದೆ ಕೈಗೆ ಜಾರದಂತೆ ಹಿಡಿತ ಬೇಕಷ್ಟೇ. ಅದಕ್ಕೆ ಹಿಮಾಲಯ ಬೇಡ. ಊರಿನಲ್ಲಿ ತುಂಡು ಜಮೀನಿರುವವರು ಬೇಲಿಯಂಚಿನಲ್ಲಿ ನಾಲ್ಕು ಮೆಳೆ ಬಿದಿರು ನೆಡಿ, ಹೆಣೆಯುವವರಿಗೆ ಕೊಡಿ. ಸರಕಾರಿ ಕಚೇರಿಗಳಲ್ಲಿ ಅಧಿಕಾರದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳುತ್ತೇನೆ: ಗಿರಣಿಗೆ ಒಂದೂವರೆ ರೂಪಾಯಿಗೆ ಬಿದಿರು ಕೊಡಲು ಬರುತ್ತಿದ್ದ ಕೈಗೆ ಮೇದರಿಗೆ ನ್ಯಾಯವಾದ ಬೆಲೆಗೆ ಕೊಡಲು ಬಾರದೆ? ಕಡತ ನಿಮ್ಮ ಮೇಜಿಗೆ ಬಂದಾಗ ಈ ಮೇಷ್ಟ್ರ ಮಾತು ನೆನಪಾಗಲಿ. ಬರುವ ಗೌರಿಹಬ್ಬಕ್ಕೆ ವಿಜಯನಗರದ ಮಾರುಕಟ್ಟೆಗೆ ಹೋಗುವ ನನ್ನ ಮನೆಯ ಹೆಣ್ಣುಮಕ್ಕಳೂ ಪ್ಲಾಸ್ಟಿಕ್ಕಿನ ಮೊರವನ್ನು ಮುಟ್ಟದಿರಲಿ.

ಒಪ್ಪದವರು ಧಾರಾಳವಾಗಿ ಬರೆಯಿರಿ, ವಾದಿಸಿ. ಕಾಗುಣಿತ ಮಾತ್ರ ಸರಿಯಾಗಿರಲಿ. ಕೆಂಪು ಶಾಯಿಯ ಅಭ್ಯಾಸ ಇನ್ನೂ ಹೋಗಿಲ್ಲ.